ಗಾಲಿ ಮಳವಳ್ಳಿಯದು, ಹಳಿ ಮಂಡ್ಯದ್ದು

ಕುಲುಮೆ ಮೇಷ್ಟ್ರ ಕಿವಿ ಮೇಷ್ಟ್ರಿಗಿಂತ ಮೊದಲೇ ನಿವೃತ್ತಿಯಾಗುತ್ತದೆ. ನನ್ನದೂ ಆಗಿದೆ. ಕಸುಬಿನ ಶಾಲೆಗಳಿಗೆ ಹೊಸದಾಗಿ ಸೇರಿದ ಮೇಷ್ಟ್ರುಗಳು ಆಗಾಗ ಮನೆಗೆ ಬಂದು, 'ಬೋರೇಗೌಡ್ರೆ, ನಿಮ್ಮ ಕಾಲದಲ್ಲಿ ಹೇಗಿತ್ತು?' ಎಂದು ಕೇಳುತ್ತಾರೆ. ಅರ್ಧ ಕೇಳಿಸುತ್ತದೆ, ಇನ್ನರ್ಧಕ್ಕೆ ನಾನೇ ಏನೋ ಒಂದು ಊಹಿಸಿ ಉತ್ತರ ಕೊಡುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಬರೆದುಕೊಟ್ಟರೆ ಆ ತಾಪತ್ರಯವಿಲ್ಲ ಎಂದು ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಂಬಳ ಏರಿತು ಎಂದು ಬರೆಯಲಾರೆ. ಆ ಮಾತು ಎತ್ತಿದರೆ ನನಗೇ ಆಕಳಿಕೆ ಬರುತ್ತದೆ. ಒಂದು ಜೊತೆ ಗಾಲಿಯ ವಿಷಯ ಹೇಳಬೇಕು, ಅದಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ.

ನಮ್ಮದು ಯಲಿಯೂರು. ಗದ್ದೆ ಇತ್ತು, ನಾಲೆಯ ನೀರು ಬಂದ ಮೇಲೆ ಕಬ್ಬೂ ಬಂತು. ಅಂಥ ಒಕ್ಕಲುಮನೆಯ ಹುಡುಗ ನಾನು ಕಮ್ಮಾರಿಕೆ ಕಲಿಯುತ್ತೇನೆಂದು ಹಟ ಹಿಡಿದಾಗ ಅವ್ವ ಜಗಲಿಯ ಮೇಲೆ ಕೂತು ಕೇರಿಗೆಲ್ಲ ಕೇಳುವಂತೆ ಬೈದಳು.

'ನೇಗ್ಲು ಇಡಿಯೋ ಕೈಲಿ ಇಕ್ಳ ಇಡ್ಕಂಡು ಕೂತ್ಕತನಂತೆ! ನಿಂಗ್ಯಾವನ್ಲಾ ಎಣ್ಣು ಕೊಟ್ಟಾನು?'

ಹೆಣ್ಣು ಕೊಟ್ಟರು. ಅದು ಬೇರೆ ವಿಷಯ. ಮೈಸೂರಿನಲ್ಲಿ ಕಲಿತು ಬಂದೆ, ಮಂಡ್ಯ ಹೊಸದಾಗಿ ಜಿಲ್ಲೆಯಾದ ದಿನಗಳಲ್ಲಿ ಸರ್ಕಾರದ ಕಸುಬಿನ ಶಾಲೆಯಲ್ಲಿ ಕುಲುಮೆ ಮೇಷ್ಟ್ರಾದೆ. ಅವ್ವ ಆಮೇಲೂ ಬಹಳ ವರ್ಷ ನೆಂಟರ ಎದುರು ನನ್ನನ್ನು 'ಸ್ಕೂಲ್ ಮೇಷ್ಟ್ರು' ಎಂದಷ್ಟೇ ಹೇಳುತ್ತಿದ್ದಳು, ಏನು ಕಲಿಸುತ್ತೇನೆಂದು ಹೇಳುತ್ತಿರಲಿಲ್ಲ.

ಶಾಲೆ ಒಂದೇ, ಆದರೆ ಇದ್ದದ್ದು ಮೂರು ಊರಲ್ಲಿ. ಎರಡು ವರ್ಷದ ಕಲಿಕೆ. ಶಾಲೆ ಬರುತ್ತದೆ ಎಂದಾಗ ಮಂಡ್ಯದವರು ನಮಗೆ ಬೇಕು ಅಂದರು, ಮದ್ದೂರಿನವರು ನಮಗೆ ಬೇಕು ಅಂದರು, ಮಳವಳ್ಳಿಯವರು ನಾವೇನು ಪಾಪ ಮಾಡಿದ್ದೆವು ಅಂದರು. ಸರ್ಕಾರ ಹೋಳಿಗೆ ಹರಿದು ಹಂಚಿದಂತೆ ಹಂಚಿಬಿಟ್ಟಿತು. ಕಬ್ಬಿಣದ ಕೆಲಸ ಮಂಡ್ಯಕ್ಕೆ, ನೇಯ್ಗೆ ಮದ್ದೂರಿಗೆ, ಮರಗೆಲಸ ಮಳವಳ್ಳಿಗೆ. ಮೂರಕ್ಕೂ ಸೇರಿ ಒಬ್ಬರೇ ಸೂಪರಿಂಟೆಂಡೆಂಟು, ಶೇಷಗಿರಿರಾಯರು. ಮೈಸೂರು ಪೇಟ, ಮುಚ್ಚುಕೋಟು, ಕೈಯಲ್ಲಿ ಕೊಡೆ. ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಹೋಗುವರು, ಅಲ್ಲಿಂದ ಮಳವಳ್ಳಿಗೆ ಬಸ್ಸು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಆ ಬಸ್ಸು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದಕ್ಕಿಂತ ನಾವು ತಳ್ಳುತ್ತಿದ್ದೆವು ಅನ್ನಬೇಕು. ಸಾಹೇಬರು ಮಾತ್ರ ಪೇಟ ತೆಗೆಯದೆ ಒಳಗೆ ಕೂತಿರುವರು.

ಸಾಹೇಬರು ಕೆಟ್ಟವರಲ್ಲ. ಅವರಿಗೆ ಎಲ್ಲವೂ ನಕಾಶೆಯಂತೆ ಇರಬೇಕು. ಮಂಡ್ಯದಲ್ಲಿ ಮಾಡಿದ ಕದದ ಕೀಲು ಮಳವಳ್ಳಿಯಲ್ಲಿ ಮಾಡಿದ ಕದಕ್ಕೆ ಕಣ್ಣುಮುಚ್ಚಿ ಕೂರಬೇಕು ಎನ್ನುವರು. ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಾವು ಕಲಿಸುತ್ತಿದ್ದವರು ಮೊದಲ ಸಲ ಅರ ಹಿಡಿದ ಹುಡುಗರು. ಒಮ್ಮೆ ಮೇಲಧಿಕಾರಿಯೊಬ್ಬರು ಬಂದಿದ್ದಾಗ ಸಾಹೇಬರು ನಮ್ಮ ಹುಡುಗರು ಮಾಡಿದ ಬೀಗವನ್ನು ತೋರಿಸಲು ಆಫೀಸಿನ ಕೋಣೆಗೆ ಅದನ್ನೇ ಹಾಕಿಸಿದರು. ಬೀಗ ಬಿತ್ತು. ತೆಗೆಯಲು ಹೋದರೆ ಕೀಲಿಕೈ ಒಳಗೇ ಮುರಿಯಿತು. ಅಧಿಕಾರಿಯ ಟೋಪಿ, ಊಟದ ಡಬ್ಬಿ ಎರಡೂ ಒಳಗೆ. ಕೊನೆಗೆ ಉಳಿ ಇಟ್ಟು ನಾನೇ ಕತ್ತರಿಸಬೇಕಾಯಿತು, ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. 'ಬೀಗ ಗಟ್ಟಿಯಾಗಿದೆ' ಎಂದು ಅಧಿಕಾರಿ ನಕ್ಕು ಹೋದರು. ಸಾಹೇಬರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಹೊಸ ಮೇಷ್ಟ್ರುಗಳು ಇದನ್ನು ನೆನಪಿಟ್ಟುಕೊಳ್ಳಿ. ಕಬ್ಬಿಣ ಕೆಂಪಗಿರುವಾಗ ಹುಡುಗನಿಗೆ ಉಪದೇಶ ಮಾಡಬೇಡಿ. ನೀವು ಮಾತು ಮುಗಿಸುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ, ಅವನು ತಣ್ಣಗಿನ ಕಬ್ಬಿಣವನ್ನು ಬಡಿಯುತ್ತಿರುತ್ತಾನೆ. ಹೇಳುವುದನ್ನು ತಿದಿ ಊದುವಾಗ ಹೇಳಿ. ಬೈಯುವುದನ್ನು ಕೆಲಸ ಮುಗಿದ ಮೇಲೆ ಬೈಯಿರಿ. ನಾನು ಎರಡನೆಯದನ್ನು ಸರಿಯಾಗಿ ಪಾಲಿಸಿದವನಲ್ಲ, ನನ್ನ ಬಾಯಿ ಜಿಲ್ಲೆಗೇ ಗೊತ್ತು.

ಯುದ್ಧ ಬಂದು ನಮ್ಮ ಕಷ್ಟ ಜಾಸ್ತಿಯಾಯಿತು. ಹೊಸ ಕಬ್ಬಿಣ ಸಿಗುವುದು ನಿಂತಿತು. ಸವೆದ ನೇಗಿಲ ಗುಳ, ಮುರಿದ ಸಲಾಕೆ, ಹಳೇ ಗಾಡಿಯ ಪಟ್ಟಿ, ಇವನ್ನೇ ಮತ್ತೆ ಮತ್ತೆ ಕಾಯಿಸಿ ಬಡಿಸುತ್ತಿದ್ದೆ. ಸ್ವಲ್ಪ ಕೈ ಕುದುರಿದ ಹುಡುಗರು ಒಂದು ವರ್ಷಕ್ಕೇ ಬಿಟ್ಟು ಬೆಂಗಳೂರಿನ ಯುದ್ಧದ ಕಾರ್ಖಾನೆಗಳಿಗೆ ಓಡುತ್ತಿದ್ದರು. ನಾನು ಅವರ ಮನೆಗಳಿಗೇ ಹೋಗಿ, 'ಅರ್ಧ ಬೆಂದದ್ದು ಕಲಿತು ಓಡೋದ್ರೆ ಜೀವಮಾನ ಪೂರ್ತಿ ಇನ್ನೊಬ್ಬರ ತಿದಿ ಊದ್ಕಂಡೇ ಇರ್ತೀಯ ಕಣ್ಲಾ' ಎಂದು ಎಳೆದುಕೊಂಡು ಬರುತ್ತಿದ್ದೆ. ಕೆಲವರು ಬಂದರು. ಎರಡು ವರ್ಷ ಅಂದರೆ ಎರಡು ವರ್ಷ. ಆ ಹಟ ನನಗೆ ಆಗಲೂ ಇತ್ತು, ಈಗಲೂ ಇದೆ.

ಗಾಲಿಯ ಯೋಚನೆ ಸಾಹೇಬರದೇ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಗಾಡಿಗಳು ಹೊರಲಾರದ ಭಾರ ಹೊತ್ತು ದಾರಿಯಲ್ಲೇ ಗಾಲಿ ಮುರಿದುಕೊಂಡು ಕೂರುತ್ತಿದ್ದವು. ನಮ್ಮ ಶಾಲೆಯೇ ಗಟ್ಟಿ ಗಾಲಿ ಮಾಡಿ ತೋರಿಸಿದರೆ ರೈತರೂ ಬರುತ್ತಾರೆ, ಸರ್ಕಾರವೂ ಮೆಚ್ಚುತ್ತದೆ ಎಂದು ಅವರ ಲೆಕ್ಕ. ಮರದ ಗಾಲಿ ಮಳವಳ್ಳಿಯಲ್ಲಿ ಆಗಬೇಕು. ಅದರ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿ, ನಾವು ಹಳಿ ಅನ್ನುತ್ತೇವೆ, ಅದು ಮಂಡ್ಯದಲ್ಲಿ. ಗಾಡಿ ಕೊಡಲು ಒಪ್ಪಿದವನು ಕೊಪ್ಪದ ನಿಂಗೇಗೌಡ. ಒಳ್ಳೆ ಕುಳ, ದೊಡ್ಡ ಮೀಸೆ, ಎತ್ತುಗಳ ಮೇಲೆ ಮಕ್ಕಳಿಗಿಂತ ಹೆಚ್ಚು ಪ್ರೀತಿ.

ಮಳವಳ್ಳಿಯ ಮರಗೆಲಸದ ಮೇಷ್ಟ್ರು ಸಿದ್ಧಾಚಾರಿ. ಅವರ ಕೈ ಚಿನ್ನದಂಥದು, ನಾಲಿಗೆ ನನ್ನದಕ್ಕಿಂತ ಕೆಟ್ಟದ್ದು. ಅವರು ನನ್ನನ್ನು 'ಒಕ್ಲು ಕಮ್ಮಾರ' ಅನ್ನುತ್ತಿದ್ದರು, ನಾನು ಅವರನ್ನು 'ಉಳಿ ಬ್ರಹ್ಮ' ಅನ್ನುತ್ತಿದ್ದೆ. ಇಬ್ಬರೂ ಹಿಂದಿನಿಂದ ಅನ್ನುತ್ತಿದ್ದೆವು, ಎದುರು ಸಿಕ್ಕಿದ್ದು ವರ್ಷಕ್ಕೊಮ್ಮೆ. ಆ ಜೊತೆ ಗಾಲಿ ಮಳವಳ್ಳಿಯಿಂದ ಗಾಡಿಯಲ್ಲಿ ಬಂತು. ನೋಡಿದರೆ ಕಣ್ಣಿಗೆ ಹಬ್ಬ. ಜಾಲಿಮರ, ಸಂದು ಎಲ್ಲಿದೆ ಎಂದು ಉಗುರು ಆಡಿಸಿದರೂ ಗೊತ್ತಾಗದು. ನಾವು ಸುತ್ತಳತೆ ತೆಗೆದು ಹಳಿ ಮಾಡಿ ಬಿಗಿದೆವು. ಸಾಹೇಬರು ಪರೀಕ್ಷೆಯ ದಿನ ಗೊತ್ತು ಮಾಡುವವರೆಗೆ ಗಾಲಿಗಳನ್ನು ಕುಲುಮೆಯ ಮಗ್ಗುಲಲ್ಲೇ ಬೆಚ್ಚಗೆ ಒರಗಿಸಿಟ್ಟೆ.

ಆ ದಿನ ಶಾಲೆಯ ಮುಂದೆ ಜನವೋ ಜನ. ನಿಂಗೇಗೌಡ ಗಾಡಿಗೆ ಕಬ್ಬು ಹೇರಿಕೊಂಡು ಬಂದಿದ್ದ. ಹೊಸ ಗಾಲಿ ಹಾಕಿ, ಎತ್ತು ಕಟ್ಟಿ, 'ಓ ಬಸವಾ' ಎಂದ. ಗಾಡಿ ಗೇಟು ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ರಸ್ತೆಯ ಇಳಿಜಾರಿಗೆ ಬಂದದ್ದೇ ತಡ, ಎಡಗಾಲಿಯ ಹಳಿ ಕಳಚಿಕೊಂಡು ತನ್ನ ಪಾಡಿಗೆ ತಾನು ಉರುಳಲು ಶುರುಮಾಡಿತು. ಗಾಡಿ ನಿಂತಿತು, ಹಳಿ ನಿಲ್ಲಲಿಲ್ಲ. ಜನ ಎಡಕ್ಕೂ ಬಲಕ್ಕೂ ಹಾರಿದರು. ಅದು ಒಬ್ಬಳು ಮಜ್ಜಿಗೆ ಮಾರುವವಳ ಬುಟ್ಟಿಯ ಪಕ್ಕದಲ್ಲೇ ಹಾದು ನೆಟ್ಟಗೆ ಹೋಗಿ ನಾಲೆಗೆ ಬಿತ್ತು. ಬಲಗಾಲಿಯದನ್ನು ಮುಟ್ಟಿ ನೋಡಿದೆ, ಅದೂ ಬಳೆಯಂತೆ ಆಡುತ್ತಿತ್ತು.

'ಗೌರ್ಮೆಂಟ್ ಗಾಲಿ ಸ್ನಾನಕ್ಕೋಯ್ತು ಕಣ್ರಪ್ಪೋ!' ಎಂದು ಯಾರೋ ಕೂಗಿದ. ನಗು ನಿಲ್ಲಲು ಬಹಳ ಹೊತ್ತಾಯಿತು. ನಿಂಗೇಗೌಡ ನಗಲಿಲ್ಲ. 'ಏನ್ ಮೇಷ್ಟ್ರೆ, ನನ್ ಎತ್ತಿನ್ ಕಾಲಿಗೆ ಬಿದ್ದಿದ್ರೆ?' ಎಂದ.  ನಾನು ಎತ್ತುಗಳ ಕೊರಳ ಹಗ್ಗ ಬಿಚ್ಚಲು ಹೋದೆ.

ಸಾಹೇಬರು ಮಾರನೆಯ ದಿನ ಕರೆದರು. ಮಂಡ್ಯದ ಹಳಿ ನಕಾಶೆಯ ಅಳತೆಗೇ ಇದೆ, ಹಾಗಾದರೆ ದೋಷ ಗಾಲಿಯದು ಎಂದು ಅವರು ತೀರ್ಮಾನಿಸಿದ್ದರು. 'ಮಳವಳ್ಳಿಯಲ್ಲಿ ಹುಡುಗರೂ ಕಡಿಮೆ, ಕೆಲಸವೂ ಹೀಗೆ. ಈ ವರ್ಷದ ಕೊನೆಗೆ ಅಲ್ಲಿ ಬಾಗಿಲು ಮುಚ್ಚೋಣ. ಬರುವವರು ಇಲ್ಲಿಗೆ ಬಂದು ಎರಡನೇ ವರ್ಷ ಮುಗಿಸಲಿ' ಎಂದರು. ದೋಷ ನನ್ನ ತಲೆಗೆ ಬರಲಿಲ್ಲವಲ್ಲ ಎಂದು ಒಂದು ಕ್ಷಣ ಹಗುರವಾದದ್ದು ನಿಜ. ಆ ಹಗುರ ಎರಡು ದಿನವೂ ಉಳಿಯಲಿಲ್ಲ.

ಮಳವಳ್ಳಿಯಿಂದ ಪುಟ್ಟಮಾದ ಬಂದ. ಇಪ್ಪತ್ತರ ಆಸುಪಾಸಿನ ಗಟ್ಟಿ ಆಳು, ಊರಾಚೆಯ ಕೇರಿಯವನು. ಆ ಕೇರಿಯಿಂದ ಉಳಿ ಹಿಡಿಯಲು ಬಂದವರಲ್ಲಿ ಅವನೇ ಮೊದಲಿಗ. ಸಿದ್ಧಾಚಾರಿ ಸೇರಿಸಿಕೊಂಡಾಗ ಅವರ ನೆಂಟರೇ ಅವರ ಮನೆಯ ನೀರು ಮುಟ್ಟುವುದನ್ನು ಸ್ವಲ್ಪ ಕಾಲ ಬಿಟ್ಟಿದ್ದರು. ಸಿದ್ಧಾಚಾರಿ, 'ಒಳ್ಳೇದಾಯ್ತು, ಕಾಫಿಪುಡಿ ಉಳೀತು' ಅಂದಿದ್ದರಂತೆ. ಕಳಚಿದ ಎಡಗಾಲಿಯನ್ನು ಮಾಡಿದವನು ಇದೇ ಪುಟ್ಟಮಾದ. ಶಾಲೆಯ ಬೇಲಿಯ ಹೊರಗೇ ನಿಂತಿದ್ದ.

'ಒಳಕ್ ಬಾರ್ಲಾ' ಎಂದೆ. ಬಂದ.

'ಬುದ್ಧಿ, ಅಲ್ಲಿ ಬಾಗ್ಲಾಕ್ತಾರಂತೆ. ಮಂಡ್ಯಕ್ ಬಂದು ಕಲೀರಿ ಅಂತಾವ್ರೆ. ನಾನ್ ಎಲ್ಲಿರ್ಲಿ? ಯಾರ್ ನಂಗೆ ಜಗ್ಲಿ ಬುಟ್ಟಾರು? ದಿನಾ ಮಳವಳ್ಳಿಯಿಂದ ನಡ್ಕಂಡ್ ಬರಾಕಾಯ್ತದಾ?'

'ನೋಡಾನ ಬುಡು' ಎಂದೆ. ನೋಡಿದೆ. ಮಂಡ್ಯದಲ್ಲಿ ಗುರುತಿನವರ ಮನೆಗಳನ್ನೆಲ್ಲ ಸುತ್ತಿದೆ. ದನದ ಕೊಟ್ಟಿಗೆಯ ಮೂಲೆಯಾದರೂ ಸಾಕು ಎಂದೆ. ಒಬ್ಬರು ಕೊಟ್ಟಿಗೆ ಸೋರುತ್ತದೆ ಅಂದರು, ಒಬ್ಬರು ಮಗಳ ಮದುವೆ ಇದೆ ಅಂದರು. ಒಬ್ಬ ಮಹಾರಾಯ ಮಾತ್ರ ನೇರವಾಗಿ, 'ನಿನ್ ಮನೇಲೇ ಇಟ್ಕಳಪ್ಪ' ಎಂದ. ಅದೂ ನ್ಯಾಯವೇ. ಆಗ ನಾನು ಯಲಿಯೂರಿನ ಮನೆಯಿಂದಲೇ ಶಾಲೆಗೆ ಹೋಗಿಬರುತ್ತಿದ್ದೆ, ಅಂದು ಸಂಜೆ ಅವ್ವನನ್ನು ಕೇಳಿದೆ. ಅವ್ವ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸೆರಗು ಸರಿಮಾಡಿಕೊಂಡು, 'ಬ್ಯಾಡ ಕಣಪ್ಪ. ಮದ್ವೆಗಿರೋ ನಿನ್ ತಂಗೀನ ಆಮ್ಯಾಕೆ ಯಾರೂ ತಂದ್ಕಳಾಕಿಲ್ಲ' ಅಂದಳು.  ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು.

ಆಗಲೇ ನಿರ್ಧಾರ ಮಾಡಿದೆ. ಅವನನ್ನು ಮಂಡ್ಯಕ್ಕೆ ತರಲು ಆಗದಿದ್ದರೆ ಮಳವಳ್ಳಿಯ ಬಾಗಿಲು ಮುಚ್ಚಬಾರದು. ಮುಚ್ಚಿದರೆ ಅವನ ಕಸುಬು ಒಂದೇ ವರ್ಷಕ್ಕೆ ನಿಲ್ಲುತ್ತದೆ, ಅವನ ಹಿಂದೆ ಆ ಕೇರಿಯಿಂದ ಇನ್ನೊಬ್ಬ ಬರುವುದಿಲ್ಲ. ಅರ್ಧಕ್ಕೆ ಬಿಟ್ಟು ಓಡುವವರನ್ನೇ ಎಳೆದುಕೊಂಡು ಬಂದವನು ನಾನು, ಓಡದವನನ್ನು ಹೇಗೆ ಕೈಬಿಡಲಿ?

ಬಸ್ಸು ತಳ್ಳಿಕೊಂಡು ಮಳವಳ್ಳಿಗೆ ಹೋದೆ. ಸಿದ್ಧಾಚಾರಿ ಬಾಚಿ ಹಿಡಿದು ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ.

'ಏನು, ಒಕ್ಲು ಕಮ್ಮಾರರು ದಯಮಾಡ್ಸುದ್ರು? ನನ್ ಅಂಗ್ಡಿ ಮುಚ್ಸಿ ಸಮಾಧಾನ ಆಗ್ಲಿಲ್ವಾ?'

'ನಿಮ್ ಗಾಲಿ ಯಾಕ್ ಸಡ್ಲಾಯ್ತು ಅಂತ ಕೇಳಕ್ ಬಂದೆ.'

'ನನ್ ಗಾಲಿ? ಸಡ್ಲಾ?' ಬಾಚಿ ನೆಲಕ್ಕೆ ಬಿತ್ತು. 'ಅಲ್ರೀ, ಕಣ್ಣಿತ್ತಾ ನಿಮ್ಗೆ? ಎರಡು ದಿನ ಕೆರೇಲಿ ಮುಳುಗ್ಸಿ ಇಟ್ಟು, ಸಂದೆಲ್ಲ ಉಬ್ಬಿ ಬಿಗಿಯಾದ್ಮೇಲೆ ಕಳಿಸ್ಕೊಟ್ಟಿದ್ದೆ. ಹೆಣ್ ಕಳ್ಸಿದಂಗೆ ಕಳಿಸ್ಕೊಟ್ಟಿದ್ದೆ!'

ನಾನು ಅಲ್ಲೇ ದಿಮ್ಮಿಯ ಮೇಲೆ ಕೂತುಬಿಟ್ಟೆ. ನಮ್ಮ ಸೀಮೆಯಲ್ಲಿ ಗಾಲಿ ಸಡಿಲವಾದರೆ ಕೆರೆಗೋ ನಾಲೆಗೋ ಹಾಕಿ ನೆನೆಸುವುದು ಎಲ್ಲರೂ ಮಾಡುವುದೇ. ಮರ ನೀರು ಕುಡಿದು ಉಬ್ಬುತ್ತದೆ. ಮಂಡ್ಯಕ್ಕೆ ಹೋಗುವ ಗಾಲಿ ಚೆಂದ ಕಾಣಲಿ ಎಂದು ಅವರು ಹೊಸ ಗಾಲಿಯನ್ನೇ ನೆನೆಸಿದ್ದರು. ನಾನು ಉಬ್ಬಿದ ಗಾಲಿಯ ಅಳತೆಗೆ ಹಳಿ ಮಾಡಿದೆ. ಆಮೇಲೆ ಬೆಚ್ಚಗಿರಲಿ ಎಂದು ಕುಲುಮೆಯ ಮಗ್ಗುಲಲ್ಲಿ ಇಟ್ಟೆ. ಮರ ಒಣಗಿ ಕುಗ್ಗಿತು, ಹಳಿ ಇದ್ದಷ್ಟೇ ಇತ್ತು.

'ಆಚಾರ್ರೇ, ನೀವ್ ನೆನಸುದ್ರಿ. ನಾನ್ ಒಣಗಿಸ್ದೆ' ಎಂದೆ.

ಅವರು ನನ್ನ ಮುಖ ನೋಡಿದರು. ಮೊದಲು ಅವರಿಗೆ ನಗು ಬಂತು, ಆಮೇಲೆ ನನಗೆ. ಇಬ್ಬರೂ ಗಾಲಿಗೆ ಒಳ್ಳೆಯದನ್ನೇ ಮಾಡಿದ್ದೆವು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೋಡೆಗೊರಗಿ ನಿಂತಿದ್ದ ಪುಟ್ಟಮಾದ ನಗಲಿಲ್ಲ. 'ಅಂಗಾರೆ ಬಾಗ್ಲಾಕದು?' ಎಂದ.

'ನೀನ್ ಒಣ ಮರ ನೋಡ್ಲಾ' ಎಂದರು ಸಿದ್ಧಾಚಾರಿ. 'ಮಿಕ್ಕಿದ್ದು ನಾವ್ ನೋಡ್ಕತೀವಿ.'

ಸಾಹೇಬರನ್ನು ಒಪ್ಪಿಸಲು ಇಬ್ಬರೂ ಒಟ್ಟಿಗೆ ಹೋದೆವು. ನಮ್ಮಿಬ್ಬರನ್ನು ಒಂದೇ ಬೆಂಚಿನ ಮೇಲೆ ಕಂಡು ಅವರಿಗೆ ಅರ್ಧ ಕೋಪ ಇಳಿದಿತ್ತು. ನಡೆದದ್ದನ್ನು ಹೇಳಿದೆವು. ಇನ್ನೊಂದು ಜೊತೆ ಮಾಡುತ್ತೇವೆ, ಈ ಸಲ ಹಳಿ ಬಿಗಿಯುವಾಗ ಮರದವರು ಒಂದು ಊರಲ್ಲಿ, ಕಬ್ಬಿಣದವರು ಒಂದು ಊರಲ್ಲಿ ಬೇಡ. ಎರಡೂ ಮದ್ದೂರಿನಲ್ಲಿ, ಶಿಂಷಾ ನದಿಯ ದಡದಲ್ಲಿ, ಎರಡೂ ಕಡೆಯ ಹುಡುಗರ ಕಣ್ಣೆದುರು ಕೂಡಲಿ ಎಂದೆವು. ಸಾಹೇಬರು ಕೊಡೆಯ ಹಿಡಿಯನ್ನು ತಿರುಗಿಸುತ್ತ ಯೋಚಿಸಿದರು.

'ಕಬ್ಬಿಣ ಎಲ್ಲಿಂದ ತರುತ್ತೀರಿ ಬೋರೇಗೌಡರೇ?'

'ನಾಲೇಲಿ ಬಿದ್ದದೆ ಸ್ವಾಮಿ, ತಗಿಸ್ತೀನಿ.'

'ಒಂದೇ ಅವಕಾಶ. ಅದೇ ರೈತ, ಅದೇ ಗಾಡಿ, ಅದೇ ಭಾರ. ಕೊಪ್ಪದಿಂದ ಕಬ್ಬು ಹೇರಿಕೊಂಡು ನಮ್ಮ ಗೇಟು ದಾಟಬೇಕು. ಈ ಸಲವೂ ಹಳಿ ಕಳಚಿದರೆ ನನ್ನನ್ನು ಕೇಳಲು ಬರಬೇಡಿ. ಮಳವಳ್ಳಿಗೆ ಬೀಗವೇ.'

ನಾಲೆಗೆ ಹುಡುಗರನ್ನು ಇಳಿಸಿ ಹಳಿ ತೆಗೆಸಿದೆ. ಅದನ್ನೂ ಬಲಗಾಲಿಯದನ್ನೂ ಕತ್ತರಿಸಿ, ಸ್ವಲ್ಪ ಕಿರಿದು ಮಾಡಿ, ತುದಿಗಳನ್ನು ಬೆಸೆದೆವು. ಹಳಿ ಗಾಲಿಗಿಂತ ಒಂದಿಷ್ಟು ಚಿಕ್ಕದಿರಬೇಕು. ಕಾಯಿಸಿದಾಗ ಹಿಗ್ಗುತ್ತದೆ, ಆಗ ಗಾಲಿಗೆ ತೊಡಿಸಿ ತಕ್ಷಣ ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಆ 'ತಕ್ಷಣ' ಅನ್ನುವುದನ್ನು ಅಡಿಗೆರೆ ಹಾಕಿಕೊಂಡು ಓದಿ. ತಡವಾದರೆ ಕಾದ ಕಬ್ಬಿಣ ಗಾಲಿಯನ್ನೇ ಸುಟ್ಟುಬಿಡುತ್ತದೆ.

ಅತ್ತ ಮಳವಳ್ಳಿಯಲ್ಲಿ ಪುಟ್ಟಮಾದ ಒಣ ಜಾಲಿ ಹುಡುಕಿ ಗಾಲಿ ಮಾಡಲು ಕೂತ. ನಾನು ಕೊಪ್ಪಕ್ಕೆ ಹೋದೆ. ನಿಂಗೇಗೌಡ ಎತ್ತಿಗೆ ಮೈ ತಿಕ್ಕುತ್ತಿದ್ದ. ಗಾಡಿ ಇನ್ನೊಮ್ಮೆ ಕೊಡು ಎಂದರೆ ಹತ್ತು ಸಲ ಇಲ್ಲ ಅಂದ, ಹನ್ನೊಂದನೇ ಸಲ 'ಯಾರ್ಲಾ ಗಾಲಿ ಮಾಡೋನು?' ಎಂದ. ಮುಚ್ಚಿಡುವುದು ನನಗೆ ಒಗ್ಗದು. ಹೇಳಿಬಿಟ್ಟೆ.

ತಿಕ್ಕುವ ಕೈ ನಿಂತಿತು. 

'ಗಾಲಿ ಮಾಡ್ಲಿ. ಗಾಲಿ ರೋಡಲ್ಲಿ ಉಳ್ಳೋದು, ನಡುಮನೇಲಲ್ಲ. ಆದ್ರೆ ಮೊದಲ್ ನೀರು ನಂದು. ನಮ್ ಅಜ್ಜನ್ ಕಾಲ್ದಿಂದ ಬಂದದೆ. ನಮ್ ಮನೆ ಬಿಂದ್ಗೇಲಿ ನಾನೇ ಸುರೀಬೇಕು. ಅವ್ನು ದೂರ ನಿಂತಿರ್ಬೇಕು.'

ಅದು ನಮ್ಮ ಕಡೆಯ ವಾಡಿಕೆ. ಹಳಿ ತೊಡಿಸಿದ ಮೇಲೆ ಗಾಡಿಯ ಯಜಮಾನ ಮನೆದೇವರನ್ನು ನೆನೆದು ಮೊದಲ ನೀರು ಹುಯ್ಯಬೇಕು, ಆಮೇಲೇ ಮಿಕ್ಕವರು. ನಾನು ಒಪ್ಪಿಕೊಂಡು ಬಂದೆ. ಪುಟ್ಟಮಾದನಿಗೆ ಹೇಳಿದಾಗ ಅವನು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. 'ನಿಂತ್ಕತೀನಿ ಬುಡಿ ಬುದ್ಧಿ. ನಂಗ್ ಬೇಕಾಗಿರೋದು ಗಾಲಿ ನಿಲ್ಲೋದು' ಎಂದ.

ಮದ್ದೂರಿನ ನದಿದಡ. ಬೆಳಗಿನ ಬಿಸಿಲು. ನೆಲದಲ್ಲಿ ಗಾಲಿ ಮಲಗಿಸಿದೆವು, ಪಕ್ಕದಲ್ಲಿ ಹಳಿಯ ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕಿದೆವು. ಮಂಡ್ಯದ ಹುಡುಗರ ಕೈಯಲ್ಲಿ ಇಕ್ಕಳ, ಮಳವಳ್ಳಿಯವರ ಕೈಯಲ್ಲಿ ಚಮ್ಮಟಿಗೆ. ಮದ್ದೂರಿನ ನೇಯ್ಗೆ ಹುಡುಗರು ನದಿಯಿಂದ ನೀರು ತುಂಬಿ ಕೊಡ, ಸೀಮೆಎಣ್ಣೆ ಡಬ್ಬ ಎಲ್ಲ ಸಾಲಾಗಿಟ್ಟು ನಿಂತರು. ಮೂರು ಊರಿನ ಶಾಲೆ ಒಂದೇ ಕಡೆ ಸೇರಿದ್ದು ಅದೇ ಮೊದಲು. ನಿಂಗೇಗೌಡ ಅರಿಶಿನ ಕುಂಕುಮ ಇಟ್ಟ ಹಿತ್ತಾಳೆ ಬಿಂದಿಗೆ ಹೊತ್ತು ಬಂದಿದ್ದ. ಪುಟ್ಟಮಾದ ಹೊಂಗೆಮರದ ಕೆಳಗೆ, ದೂರದಲ್ಲಿ. ಸಾಹೇಬರು ಕೊಡೆ ಬಿಚ್ಚಿ ನಿಂತಿದ್ದರು.

ಹಳಿ ಕೆಂಪಾಯಿತು. 'ಎತ್ರಲಾ!' ಎಂದೆ. ನಾಲ್ಕು ಇಕ್ಕಳ ಎತ್ತಿದವು, ಗಾಲಿಯ ಮೇಲೆ ಇಳಿಸಿದವು. ಚಮ್ಮಟಿಗೆ ಬಿದ್ದವು. ಹಳಿ ಕೂತಿತು, ಹೊಗೆ ಎದ್ದಿತು. ನಿಂಗೇಗೌಡ ಬಿಂದಿಗೆ ಎತ್ತಿ ಕಣ್ಣು ಮುಚ್ಚಿದ. ಮನೆದೇವರ ಹೆಸರು ಹೇಳಿದ. ಊರ ಮಾರಮ್ಮನ ಹೆಸರು ಹೇಳಿದ. ಬೆಟ್ಟದ ಮಾದಪ್ಪನ ಹೆಸರು ಹೇಳಿದ. ಹೊಗೆಯ ಒಳಗಿಂದ ಉರಿ ಕಾಣಿಸಿತು. ನೀರಿನ ಡಬ್ಬ ಹಿಡಿದ ಹುಡುಗರೆಲ್ಲ ಅವನ ಮುಖ ನೋಡುತ್ತ ನಿಂತಿದ್ದಾರೆ, ಯಜಮಾನ ಹುಯ್ಯುವವರೆಗೆ ಒಬ್ಬನೂ ಹುಯ್ಯುವಂತಿಲ್ಲ. 'ಗೌಡಾ, ಸುರಿಯೋ!' ಎಂದು ನಾನು ಕಿರುಚಿದೆ. ಅವನು ತಾತ ಮುತ್ತಾತಂದಿರ ಹೆಸರಿಗೆ ಬಂದಿದ್ದ.

ಹೊಂಗೆಮರದ ಕಡೆಯಿಂದ ಯಾರೋ ಓಡಿಬಂದರು. ಸಾಲಿನಲ್ಲಿದ್ದ ಒಂದು ಸೀಮೆಎಣ್ಣೆ ಡಬ್ಬ ಮೇಲೆದ್ದಿತು. ಪುಟ್ಟಮಾದ ಗಾಲಿಯ ಸುತ್ತ ಓಡುತ್ತ ಒಂದೇ ಸಮನೆ ನೀರು ಸುರಿದ. ಚುಂಯ್ ಎಂದು ಆವಿ ಎದ್ದು ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು.

ಆವಿ ಸರಿದಾಗ ನಿಂಗೇಗೌಡ ತುಂಬಿದ ಬಿಂದಿಗೆ ಹಿಡಿದೇ ನಿಂತಿದ್ದ. ಪುಟ್ಟಮಾದ ಖಾಲಿ ಡಬ್ಬ ಹಿಡಿದು ನಿಂತಿದ್ದ.  ಆಗ ನನ್ನ ಕಿವಿ ನೆಟ್ಟಗಿತ್ತು. ಗಾಲಿಯ ಸಂದುಗಳು ಕಟಕಟ ಎಂದು ಒಂದೊಂದಾಗಿ ಬಿಗಿದುಕೊಳ್ಳುವುದು ಕೇಳಿಸಿತು. ಅತ್ತ ಕಡೆ ಮಾತ್ರ ಇನ್ನೂ ಉರಿ ಆಡುತ್ತಿತ್ತು. ನಿಂಗೇಗೌಡನ ಕಣ್ಣು ಅದರ ಮೇಲೆ ಬಿತ್ತು.

'ಯಾಕ್ಲಾ ನಿಂತ್ಕಂಡೆ? ಅಲ್ ಸುಡ್ತಾದೆ! ಸುರೀಲಾ!' ಎಂದು ಕೂಗಿದ.

ಆಮೇಲೆ ಎಲ್ಲರೂ ಸುರಿದರು. ಸಾಹೇಬರೂ ಕೊಡೆ ಎಸೆದು ಒಂದು ಕೊಡ ತಂದು ಅರ್ಧ ಗಾಲಿಯ ಮೇಲೆ, ಅರ್ಧ ತಮ್ಮ ಪಂಚೆಯ ಮೇಲೆ ಹುಯ್ದರು. ಅದು ಎಡಗಾಲಿ. ಬಲಗಾಲಿಗೆ ನಿಂಗೇಗೌಡನೇ ಮೊದಲ ನೀರು ಹುಯ್ದ, ದೇವರನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟ. ಹೋಗುವಾಗ ಪುಟ್ಟಮಾದನ ಕಡೆ ನೋಡಲಿಲ್ಲ. ಗಾಲಿ ಮನೆ ಸೇರಿದ ಮೇಲೆ ಅವನ ಹೆಂಡತಿ ಎಡಗಾಲಿಗೆ ಮಾತ್ರ ಗಂಜಲ ಚಿಮುಕಿಸಿದಳೆಂದು ಆಮೇಲೆ ಕೇಳಿದೆ.

ಕಬ್ಬಿನ ಗಾಡಿ ಬರುವ ದಿನ ಸಾಹೇಬರು, ಸಿದ್ಧಾಚಾರಿ, ನಾನು ಮಂಡ್ಯದ ಗೇಟಿನಲ್ಲಿ ನಿಂತೆವು. ಪುಟ್ಟಮಾದ ಬರಲಿಲ್ಲ, ಬಾ ಎಂದರೂ ಬರಲಿಲ್ಲ. ಗಾಡಿ ದೂರದಲ್ಲಿ ಕಂಡಿತು. ಭಾರಕ್ಕೆ ಅಚ್ಚು ಕಿರಗುಟ್ಟುತ್ತಿತ್ತು. ಸಿದ್ಧಾಚಾರಿ ನನ್ನ ತೋಳು ಹಿಡಿದುಕೊಂಡರು. ಹಳಿ ಕಳಚಿದ ಅದೇ ಇಳಿಜಾರನ್ನು ಹತ್ತಿ ಬಂತು. ಗಾಡಿ ಗೇಟಿನ ಮುಂದೆ ನಿಂತಾಗ ಸಾಹೇಬರು ಬಗ್ಗಿ ಎರಡೂ ಹಳಿಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಕೈಯ ಮಣ್ಣು ಕೊಡವಿಕೊಂಡು, 'ಮಳವಳ್ಳಿ ಇರಲಿ' ಎಂದರು. ಅಷ್ಟೇ. ಸಿದ್ಧಾಚಾರಿ ಅಲ್ಲೇ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ, ಧೂಳು ಎಂದು ಇಬ್ಬರೂ ಹೇಳಿಕೊಂಡೆವು.

ಅಂದಿನಿಂದ ಪ್ರತಿ ವರ್ಷ ಎರಡನೇ ವರ್ಷದ ಮರಗೆಲಸದವರೂ ಕುಲುಮೆಯವರೂ ಮದ್ದೂರಿನಲ್ಲಿ ಸೇರಿ ಗಾಲಿ ಕೂಡಿಸುವ ಪದ್ಧತಿ ಬಂತು. ನೀವು ಈಗ ಯಂತ್ರದ ಮುಂದೆ ನಿಂತು ಕಲಿಸುತ್ತೀರಿ, ಗಾಲಿಗಳೆಲ್ಲ ರಬ್ಬರಾಗಿವೆ. ಆದರೂ ಒಂದು ಮಾತು. ನಿಮ್ಮ ಕೈ ಸೇರುವ ಮುಂಚೆ ಆ ಸಾಮಾನಿಗೆ ಏನಾಗಿತ್ತು ಎಂದು ಹೋಗಿ ಕೇಳಿ. ಕಾಗದ ಬರೆಯಬೇಡಿ, ಹೋಗಿ ಕೇಳಿ.

ಪುಟ್ಟಮಾದ ಎರಡನೇ ವರ್ಷ ಮುಗಿಸಿದ. ಸಿದ್ಧಾಚಾರಿ ಅವನನ್ನು ತಮ್ಮ ಕೈಕೆಳಗೇ ಕೆಲಸಕ್ಕೆ ಇಟ್ಟುಕೊಂಡರು. ಸ್ವಾತಂತ್ರ್ಯ ಬಂದ ವರ್ಷ, ಕಬ್ಬಿನ ಕಾಲಕ್ಕೆ ಸ್ವಲ್ಪ ಮೊದಲು, ನಿಂಗೇಗೌಡ ಮತ್ತೆ ಬಂದ. ಅವನಿಗೆ ಇನ್ನೊಂದು ಗಾಡಿಗೆ ಗಾಲಿ ಬೇಕಿತ್ತು.

'ಮೇಷ್ಟ್ರೆ, ಎಡಗಾಲಿ ಕಲ್ಲಿದ್ದಂಗದೆ. ನಾನ್ ನೀರ್ ಸುರಿದ್ನಲ್ಲಾ, ಬಲಗಾಲಿ, ಅದು ಸಡ್ಲಾಗದೆ' ಎಂದ.

ನಿಜವಾದ ಕಾರಣ ಬೇರೆ ಇತ್ತು. ಅವರೂರ ದಾರಿಯಲ್ಲಿ ಬಲಗಡೆಗೇ ಗುಂಡಿ ಜಾಸ್ತಿ. ನಾನು ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದ ಸಂದರ್ಭಗಳು ನನ್ನ ಜೀವನದಲ್ಲಿ ಬಹಳ ಕಡಿಮೆ.

ಮತ್ತೆ ಅದೇ ಶಿಂಷಾ ದಡ. ಹಳಿ ಕೆಂಪಾಯಿತು, ಎತ್ತಿದರು, ತೊಡಿಸಿದರು, ಚಮ್ಮಟಿಗೆ ಬಿತ್ತು. ಪುಟ್ಟಮಾದ ಈಗ ಹೊಂಗೆಮರದ ಕೆಳಗಿರಲಿಲ್ಲ, ಗಾಲಿಯ ಪಕ್ಕದಲ್ಲೇ ಹುಡುಗರಿಗೆ ಕೆಲಸ ಹೇಳುತ್ತಿದ್ದ. ನಿಂಗೇಗೌಡ ತನ್ನ ಹಿತ್ತಾಳೆ ಬಿಂದಿಗೆ ತುಂಬಿಕೊಂಡು ಬಂದ. ಗಾಲಿಯ ಹತ್ತಿರ ಬಂದು ನಿಂತ. ಆಮೇಲೆ ಬಿಂದಿಗೆಯನ್ನು ಪುಟ್ಟಮಾದನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಇಟ್ಟು ಹಿಂದೆ ಸರಿದ.

'ಈ ಸಲ ನೀನೇ ಸುರಿ. ನಿನ್ ಕೈಲಿ ಬಿಗಿ ಇರ್ತದೆ' ಎಂದ.

ಹೊಗೆ ಏಳುತ್ತಿತ್ತು. ಪುಟ್ಟಮಾದ ಬಿಂದಿಗೆ ನೋಡಿದ, ಗೌಡನನ್ನು ನೋಡಿದ. ಬಗ್ಗಲಿಲ್ಲ. ಎರಡೂ ಕೈ ಮುಂದೆ ಚಾಚಿದ.

'ಕೈಗ್ ಕೊಡಿ ಗೌಡ್ರೆ. ಮರ ಸುಡ್ತಾದೆ, ಬಗ್ಗಾಕೆ ಒತ್ತಿಲ್ಲ.'

ಬುದ್ಧಿ ಅನ್ನಲಿಲ್ಲ, ಗೌಡ್ರೆ ಅಂದ. ನಿಂಗೇಗೌಡನ ಮೀಸೆ ಅಲುಗಿತು. ಗಾಲಿಯ ಅಂಚಿನಲ್ಲಿ ಮೊದಲ ಉರಿ ಕಂಡಿತು. ಅವನು ಬಗ್ಗಿದ, ಬಿಂದಿಗೆ ಎತ್ತಿದ, ಕೈಗೆ ಕೊಟ್ಟ.